ಗೆಟ್‌ಗೆ ನಾಕ ತಿಂಗಳ ಸೂಟಿ

ಜಿನಗೊಂಡ ಮಾಸ್ತರರಷ್ಟು ಹೊತ್ತು ಸುಮ್ಮನೆ ನಿಲ್ಲಬಲ್ಲ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಮಾಸ್ತರು ಅಂದರೆ ಮಾತಾಡುವವರು ಅಂತ ಲೋಕವೆಲ್ಲ ತಿಳಿದುಕೊಂಡಿದೆ. ನಮ್ಮ ಮಾಸ್ತರರು ನಮಗೆ ಇಂಗ್ಲಿಷ್ ಕಲಿಸಿದ್ದು ಹೆಚ್ಚಾಗಿ ಬಾಯಿ ಮುಚ್ಚಿಕೊಂಡು. ಒಬ್ಬರನ್ನು ಎಬ್ಬಿಸಿ ಪ್ರಶ್ನೆ ಕೇಳುತ್ತಿದ್ದರು. ಎದ್ದವರು ಅರ್ಧ ವಾಕ್ಯ ಹೇಳಿ, ಮುಂದಿನ ಶಬ್ದ ಸಿಗದೆ ಕಣ್ಣು ಬಿಟ್ಟು ನಿಂತರೆ, ಮಾಸ್ತರರು ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ತಲೆ ಎತ್ತಿ, ಮೇಲಿನ ಪತ್ರಾಸಿನ ತಗಡನ್ನು ನೋಡುತ್ತ ನಿಂತುಬಿಡುತ್ತಿದ್ದರು. ಬೆವರು ಇಳಿಯುತ್ತಿತ್ತು, ಯಾರೋ ಕೆಮ್ಮುತ್ತಿದ್ದರು, ಕೆಳಗೆ ಓಣಿಯಲ್ಲಿ ಬಾಳೆಹಣ್ಣಿನವ ಕೂಗಿ ದಾಟಿ ಹೋಗುತ್ತಿದ್ದ. ಮಾಸ್ತರರು ಹಂದುತ್ತಿರಲಿಲ್ಲ.

ಹಿಂದೆ ಕೂತವರು ಯಾರಾದರೂ ಪಾಪ ಅಂತ ಆ ಶಬ್ದವನ್ನು ಪಿಸುಗುಟ್ಟಿದರೆ ಮುಗೀತು, ಅವರ ಗತಿ ಯಾರಿಗೂ ಬೇಡ.

“ಏ, ಬಾಯಿ ಮುಚ್ಚ! ಅಂವಾ ಹುಡಕಾಕತ್ತಾನ. ಹುಡಕೂ ಮನಷ್ಯಾನ ಕೈಯಾಗಿಂದ ಕಸಗೊಂಡ್ರ ಅದಕ್ಕ ಸಹಾಯ ಅಂತಾರೇನ?” ಅಂತ ಗುಡುಗಿ, ನಿಂತವನ ಕಡೆ ತಿರುಗಿ ದನಿ ಇಳಿಸಿ ಹೇಳುತ್ತಿದ್ದರು, “ಸಾವಕಾಶ ಆಗ್ಲಿ. ಬರ್ತೈತಿ.”

ಬರುತ್ತಿತ್ತು ಕೂಡ. ಅದೇ ಆಶ್ಚರ್ಯ.

ಹೋದ ವರ್ಷ ಅವರು ತೀರಿಕೊಂಡರು. ಉದಗಾಂವದ ಜೈನ ರೈತರ ಮನೆತನ ಅವರದು. ಮನೆಯಲ್ಲಿ ಕನ್ನಡ, ಅಂಗಳ ದಾಟಿದರೆ ಮರಾಠಿ, ಹೊಲದಲ್ಲಿ ಕಬ್ಬು. ಗಡಹಿಂಗ್ಲಜದ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆಗಿ ಊರಿಗೆ ಬಂದು ಕೂತವರಿಗೆ ಕೂತು ಬೇಜಾರಾಯಿತಂತೆ. ಇಚಲಕರಂಜಿಯಲ್ಲಿ ನಮ್ಮಂಥ ಮಗ್ಗದ ಮಂದಿ ಇರುವ ಓಣಿಗೆ ಬಂದು, ಕಾರಖಾನೆಯೊಂದರ ಮೇಲಿನ ಪತ್ರಾಸಿನ ಖೋಲಿ ಕೇಳಿ ಪಡೆದು, ವಾರಕ್ಕೊಮ್ಮೆ ಮಗ್ಗಕ್ಕೆ ಸೂಟಿ ಇರುವ ದಿನ ಮಧ್ಯಾಹ್ನ ಇಂಗ್ಲಿಷ್ ಕ್ಲಾಸು ಶುರು ಮಾಡಿದರು. ಫೀ ಇಲ್ಲ, ಪರೀಕ್ಷೆ ಇಲ್ಲ, ಪುಸ್ತಕ ಇಲ್ಲ. ಬಿಳಿ ಟೋಪಿ, ಇಸ್ತ್ರಿ ಕಾಣದ ಬಿಳಿ ಅಂಗಿ, ಕಿಸೆಯಲ್ಲಿ ಒಂದು ಹಳೆಯ ಅಡಿಕೆ ಡಬ್ಬಿ. ಆ ಡಬ್ಬಿಯೊಳಗೆ ಸೀಮೆಸುಣ್ಣ. ಎಸ್‌ಟಿ ಬಸ್ಸು ಸಿಕ್ಕರೆ ಎಸ್‌ಟಿ, ಇಲ್ಲದಿದ್ದರೆ ಮಂದಿ ತುಂಬಿಕೊಂಡು ಹೋಗುವ ಜೀಪಿನ ಹಿಂದೆ ನಿಂತು ಬರುತ್ತಿದ್ದರು.

ಅವರ ಇನ್ನೊಂದು ಗುರುತು ಊಟದ ಡಬ್ಬಿ. ಹೊತ್ತು ಮುಳುಗುವುದರೊಳಗೆ ಉಣ್ಣಬೇಕು, ಮುಳುಗಿದ ಮೇಲೆ ನೀರು ಸಹ ಇಲ್ಲ. ಇದು ಅವರ ಮನೆತನದ ನಡೆ. ಸಂಜೆ ಬಿಸಿಲು ಕಿಟಕಿಯ ಎರಡನೆಯ ಸರಳಿಗೆ ಬಂತು ಅಂದರೆ ಸಾಕು, ವಾಕ್ಯ ನಡುವೆ ಇದ್ದರೂ ಸೀಮೆಸುಣ್ಣ ಇಟ್ಟು ಕೈ ತೊಳೆದುಕೊಂಡು ಕೂತುಬಿಡುತ್ತಿದ್ದರು. ಮಗ್ಗ ಕೆಟ್ಟಾಗ ರಿಪೇರಿ ಮಾಡುವ ಜಾಬರ್ ಮಲ್ಲಪ್ಪ ನಮ್ಮ ಕ್ಲಾಸಿನ ಹಿರೇ ವಿದ್ಯಾರ್ಥಿ. ಅವನಿಗೆ ಮಾಸ್ತರರನ್ನು ಕಾಡುವುದೆಂದರೆ ಭಾಳ ಖುಷಿ. ಜಯಸಿಂಗಪುರದ ಭಡಂಗ ಪೊಟ್ಟಣ ಬಿಚ್ಚಿ ಅವರ ಮೂಗಿನ ಮುಂದೆ ಹಿಡಿಯುತ್ತಿದ್ದ. ಬೆಳ್ಳುಳ್ಳಿ ಹಾಕಿ ಹುರಿದ ಚುರಮುರಿ ಅದು, ಮಾಸ್ತರರ ಮನೆತನದವರು ಬೆಳ್ಳುಳ್ಳಿ ಮುಟ್ಟುವುದಿಲ್ಲ.

“ಜಯಸಿಂಗಪುರದ ಮಗ್ಗಲ ಊರಾಗ ಹುಟ್ಟಿ ಭಡಂಗದ ರುಚಿ ಗೊತ್ತಿಲ್ಲಂದ್ರ ಏನ್ರಿ ಸರ್ರ ನಿಮ್ಮ ಬಾಳೆ!”

“ರುಚಿ ಗೊತ್ತಿಲ್ಲೋ ಮಾರಾಯಾ, ವಾಸನಿ ಗೊತ್ತೈತಿ. ಎಪ್ಪತ್ತ ವರ್ಷ ಮೂಗಿನ್ಯಾಗ ತಿಂದೇನಿ,” ಅಂದು ತಮ್ಮ ರೊಟ್ಟಿ ಮುರಿಯುತ್ತಿದ್ದರು.

ಇನ್ನು ನನ್ನ ವಿಷಯ. ನಾನು ಕಸ್ತೂರಿ. ನಮ್ಮದು ಮೂಲತಃ ಮಹಾಲಿಂಗಪುರದ ಕಡೆ. ಅಪ್ಪ ಸಿದ್ದಪ್ಪ ಮದುವೆಗೆ ಮುಂಚೆಯೇ ಇಚಲಕರಂಜಿಗೆ ಬಂದು ಮಗ್ಗದ ನಡುವೆ ನಿಂತವನು. ಆ ಖಟಾಖಟ್ ಆವಾಜಿನಲ್ಲಿ ನಿಂತು ನಿಂತು ಅವನ ಎಡಗಿವಿ ಪೂರ್ತಿ ಹೋಗಿತ್ತು. ಬಲಗಿವಿ ಅರ್ಧ ಉಳಿದಿತ್ತು. ಡಾಕ್ಟರು ಸಾಫ್ ಹೇಳಿದ್ದರು: ಉಳಿದದ್ದು ಉಳೀಬೇಕಾದರೆ ಮಗ್ಗ ಬಿಡಬೇಕು, ಈಗಲೇ ಬಿಡಬೇಕು. ಅಪ್ಪ ಬಿಟ್ಟರೆ ಮನೆ ನಡೆಸುವವರು ಯಾರು? ನಾನು. ನೇಯ್ದ ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆ ತಪ್ಪಿದ್ದು, ಎಣ್ಣೆ ಕಲೆ ಬಿದ್ದದ್ದು ಹುಡುಕುವ ಚೆಕಿಂಗ್ ಕೆಲಸ ನನ್ನದು. ಕಣ್ಣು ನನ್ನದು ಚಲೋ ಇತ್ತು, ನನಗೇ ಗೊತ್ತಿತ್ತು. ಕೊಲ್ಹಾಪುರದಲ್ಲಿ ಪರದೇಶಕ್ಕೆ ಬಟ್ಟೆ ಕಳಿಸುವ ಒಂದು ಕಂಪನಿಗೆ, ಬಟ್ಟೆಯೂ ಗೊತ್ತಿದ್ದು ಇಂಗ್ಲಿಷೂ ಬರುವ ಮಂದಿ ಬೇಕಾಗಿದ್ದರು. ಆ ಕೆಲಸ ಸಿಕ್ಕರೆ ಅಪ್ಪನ ಅರ್ಧ ಕಿವಿ ಉಳಿಯುತ್ತದೆ, ಸಿಗದಿದ್ದರೆ ಇಲ್ಲ. ನಾನು ಕ್ಲಾಸಿಗೆ ಸೇರಿದ್ದು ಅದಕ್ಕೇ. ಇಂಗ್ಲಿಷ್ ಮೇಲೆ ಪ್ರೀತಿ ಗೀತಿ ಏನೂ ಇರಲಿಲ್ಲ.

ಆ ವರ್ಷ ಆಷಾಢದಲ್ಲಿ ಚಾತುರ್ಮಾಸ ಹಿಡಿಯಿತು. ಮಾಸ್ತರರ ಮನೆಯಲ್ಲಿ ಆ ನಾಲ್ಕು ತಿಂಗಳು ಒಬ್ಬೊಬ್ಬರು ಒಂದೊಂದು ವಸ್ತು ಬಿಡುವ ನಿಯಮ ಹಿಡಿಯುತ್ತಾರೆ. ಹೆಂಡತಿ ಸೊಪ್ಪು ಬಿಡುತ್ತಿದ್ದರು. ಕಬ್ಬು ಬೆಳೆಯುವ ಮಾಸ್ತರರು ಪ್ರತಿ ವರ್ಷ ಬೆಲ್ಲ ಬಿಡುತ್ತಿದ್ದರು. ಚಾತುರ್ಮಾಸ ಹಿಡಿದ ಮೇಲಿನ ಮೊದಲ ಕ್ಲಾಸಿಗೆ ಬಂದವರೇ ಬೋರ್ಡಿನ ಮೇಲೆ ಇಷ್ಟು ದೊಡ್ಡದಾಗಿ ‘ಗೆಟ್’ ಅಂತ ಇಂಗ್ಲಿಷಿನಲ್ಲಿ ಬರೆದು, ಸುತ್ತ ಒಂದು ಗೆರೆ ಎಳೆದರು.

“ಈ ಸಲ ಬೆಲ್ಲಾ ಬಿಡಂಗಿಲ್ಲ ನಾ. ಶುಗರ್ ಐತಿ, ಹೆಂಗೂ ಡಾಕ್ಟರ್ ಬಿಡಿಸ್ಯಾರ. ಡಾಕ್ಟರ್ ಬಿಡಿಸಿದ್ದನ್ನ ದೇವರ ಲೆಕ್ಕಕ್ಕ ಹಚ್ಚಿದ್ರ ಮೋಸ ಆಗ್ತೈತಿ. ಅದಕ್ಕ ಈ ಶಬ್ದಾ ಬಿಟ್ಟೇನಿ. ದೀಪಾವಳಿ ತನಕಾ ನನ್ನ ಬಾಯಾಗ ಇದು ಬರಂಗಿಲ್ಲ.”

ನಾವು ಮುಖ ಮುಖ ನೋಡಿದೆವು. ಮಲ್ಲಪ್ಪ ಕೇಳಿಯೇಬಿಟ್ಟ, “ಶಬ್ದಾ ಏನ್ ಬದನಿಕಾಯಿ ಏನ್ರಿ ಸರ್, ಬಿಡಾಕ?”

“ಬದನಿಕಾಯಿಕಿಂತಾ ಹೆಚ್ಚ ತಿಂತೀರಿ ನೀವ ಇದನ್ನ! ನೋಡ್ರಿಲ್ಲೆ. ಬಾಬಿನ್ ತರೂದಕ್ಕ ಇದ. ಕೊಲ್ಲಾಪುರ ಮುಟ್ಟೂದಕ್ಕ ಇದ. ದಣಿಯೂದಕ್ಕ ಇದ. ತಿಳಿಯೂದಕ್ಕ ಇದ. ಪಗಾರ ಬರೂದಕ್ಕೂ ಇದ, ಜ್ವರಾ ಬರೂದಕ್ಕೂ ಇದ. ಓಣ್ಯಾಗ ಒಬ್ಬ ಮನಷ್ಯಾ ಇರ್ತಾನ ನೋಡ್ರಿ, ಯಾರ ಏನ್ ಹೇಳಿದ್ರೂ ಓಡ್ತಾನ. ಲಗ್ನ ಇರ್ಲಿ, ಸತ್ತವರ ಮಣ್ಣ ಇರ್ಲಿ, ಅಂವನ್ನ ಕರೀರಿ ಅಂತಾರ. ಅಂವಾ ಚಲೋ ಮನಷ್ಯಾನ. ಖರೆ ಅಂವಾ ಇರೂ ತನಕಾ ಉಳದವ್ರು ಯಾರೂ ಏಳಂಗಿಲ್ಲ. ಅಂವಗ ನಾಕ ತಿಂಗಳ ಸೂಟಿ ಕೊಡೂಣು. ಉಳದವ್ರು ಕೆಲಸಾ ಕಲೀಲಿ.”

ಹೀಗೆ ಗೆಟ್‌ಗೆ ಸೂಟಿ ಆಯಿತು. ಅದರ ಬದಲಿಗೆ ಬ್ರಿಂಗ್, ಫೆಚ್, ರೀಚ್, ಬಿಕಮ್, ಅಂಡರ್‌ಸ್ಟ್ಯಾಂಡ್, ಬೈ, ರಿಸೀವ್, ಅರ್ನ್ ಅಂತ ಒಬ್ಬೊಬ್ಬರೇ ಎದ್ದು ಬಂದರು. ಬೋರ್ಡು ತುಂಬಿತು. ಆದರೆ ಮಾಸ್ತರರು ಪಟ್ಟಿ ಕೊಟ್ಟು ಕೈ ತೊಳೆದುಕೊಳ್ಳುವ ಮನುಷ್ಯ ಅಲ್ಲ. ಮಲ್ಲಪ್ಪ ಜಂಬದಿಂದ “ಐ ಒಬ್ಟೇನ್ ಟೀ” ಅಂದಾಗ ಹೊಟ್ಟೆ ಹಿಡಿದುಕೊಂಡು ನಕ್ಕರು. “ಕೋಟ್ ಹಾಕ್ಕೊಂಡ ಕಾಯಿಪಲ್ಲೆ ತರಾಕ ಹ್ವಾದಂಗಾತು! ಅರ್ಥ ಒಂದ ಅಂತ ಎಲ್ಲಾ ಕಡೆ ತುರುಕಬ್ಯಾಡೋ. ಚಹಾಕ್ಕ ಹ್ಯಾವ್ ಸಾಕು.” ಆಮೇಲೆ ನಗು ನಿಲ್ಲಿಸಿ, ನಾನು ಇವತ್ತಿಗೂ ಮರೆಯದ ಒಂದು ಮಾತು ಹೇಳಿದರು.

“ರಿಸೀವ್ ಅಂದ್ರ ಕೈ ಚಾಚಿದಾಂವಂದು. ಅರ್ನ್ ಅಂದ್ರ ಕೈ ದುಡಿಸಿದಾಂವಂದು. ಆ ಬಿಟ್ಟ ಶಬ್ದಾ ಅಂದ್ರಿ ಅಂದ್ರ ಇಬ್ಬರಿಗೂ ಒಂದ ಟೋಪಿ ಹಾಕಿದ್ರಿ. ನೀವು ದುಡದ ಮಂದಿ. ನಿಮ್ಮ ಪಗಾರಕ್ಕ ನಿಮ್ಮ ಶಬ್ದಾ ಹಚ್ಚರಿ.”

ಅಲ್ಲಿ ಕೂತವರೆಲ್ಲ ಹನ್ನೆರಡು ತಾಸು ನಿಂತು ದುಡಿಯುವವರು.

ನಿಯಮವನ್ನು ಅವರು ನಮ್ಮ ಮೇಲೆ ಹೇರಲಿಲ್ಲ, ಅದನ್ನು ಹೇಳಲೇಬೇಕು. “ಇದು ನಂದು. ನಿಮಗ ಬೇಕಿದ್ರ ಹಿಡೀರಿ, ಇಲ್ಲಂದ್ರ ಬಿಡ್ರಿ,” ಅಂದರು. ಎಲ್ಲರೂ ಹಿಡಿದೆವು. ಬಾಯಿ ತಪ್ಪಿ ಬಂದರೆ ಬೇರೆಯವರು ಹಿಡಿದುಕೊಡುವಂತಿಲ್ಲ, ತಾನೇ ಎದ್ದು ನಿಂತು ‘ಅಂದೆರಿ’ ಅಂತ ಹೇಳಿ ಕೂರಬೇಕು, ಅಷ್ಟೇ. ಮಲ್ಲಪ್ಪ ಒಂದೊಂದು ಕ್ಲಾಸಿಗೆ ಹತ್ತು ಸಲ ಏಳುತ್ತಿದ್ದ. ನಾನು ಒಂದು ಸಲವೂ ಏಳಲಿಲ್ಲ. ಹಟಮಾರಿ ನಾನು, ಹುಟ್ಟಿದಾಗಿನಿಂದ ಹಂಗೇ. ಬಟ್ಟೆಯಲ್ಲಿ ಎಳೆ ಹುಡುಕಿದ ಹಾಗೆ ನನ್ನ ಮಾತಿನಲ್ಲಿ ಆ ಶಬ್ದ ಹುಡುಕಿ ಹುಡುಕಿ ಕಿತ್ತು ಒಗೆದೆ.

ಶ್ರಾವಣದಲ್ಲಿ ಕೊಲ್ಹಾಪುರದಿಂದ ಇಂಟರ್‌ವ್ಯೂಗೆ ಕರೆ ಬಂತು.

ಅವ್ವನ ಇಳಕಲ್ ಸೀರೆ ಉಟ್ಟು ಹೋದೆ. ಮೇಜಿನ ಆ ಕಡೆ ಮೂವರು. ನಡುವೆ ಚಷ್ಮಾ ಹಾಕಿದ ದೊಡ್ಡ ಸಾಹೇಬರು. ಹೆಸರು, ಊರು, ಎಷ್ಟು ವರ್ಷದ ಕೆಲಸ, ಎಲ್ಲ ಹೇಳಿದೆ. ಬಟ್ಟೆಯ ತುಂಡು ಕೊಟ್ಟರು. ಅದರಲ್ಲಿದ್ದ ದೋಷ ಎಲ್ಲ ತೋರಿಸಿದೆ, ಅವರಿಗೆ ಕಾಣದ್ದು ಒಂದನ್ನೂ ತೋರಿಸಿದೆ. ಸಾಹೇಬರು ತಲೆ ಆಡಿಸಿದರು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದರು: ಪರದೇಶದ ಗಿರಾಕಿ ಫೋನ್ ಮಾಡಿ ಬಟ್ಟೆ ಕೆಟ್ಟದ್ದು ಬಂದಿದೆ ಅಂದರೆ ಏನು ಹೇಳುತ್ತೀ?

ಉತ್ತರ ನಾಲಿಗೆ ತುದಿಗೇ ಇತ್ತು. ಯು ವಿಲ್ ಗೆಟ್ ನ್ಯೂ ಕ್ಲಾತ್. ನಿನಗೆ ಹೊಸ ಬಟ್ಟೆ ಸಿಗುತ್ತದೆ. “ಯು ವಿಲ್...” ಅಂದೆ. ಅಲ್ಲಿಗೆ ನಿಯಮ ಅಡ್ಡ ಬಂತು. ರಿಸೀವ್ ಅನ್ನಲೇ? ಛೇ, ಅವರು ಕೈ ಚಾಚಿದವರೇನು, ರೊಕ್ಕ ಕೊಟ್ಟು ಕೊಂಡವರು. ಬೇರೆ ಏನು? ಮಾತು ಅಲ್ಲಿಗೇ ನಿಲ್ಲಿಸಿದೆ. ನನ್ನೊಳಗೆ ಗಾಬರಿ ಸ್ವಲ್ಪವೂ ಇರಲಿಲ್ಲ, ಅದೇ ನನ್ನ ದಡ್ಡತನ. ಪತ್ರಾಸಿನ ಖೋಲಿಯಲ್ಲಿ ಎಲ್ಲರೂ ಕಾಯುತ್ತಿದ್ದರಲ್ಲ, ಇಲ್ಲಿಯೂ ಕಾಯುತ್ತಾರೆ ಅಂದುಕೊಂಡೆ. ತಲೆ ಎತ್ತಿ ಫ್ಯಾನು ನೋಡುತ್ತ ಆರಾಮಾಗಿ ಹುಡುಕುತ್ತ ಕೂತೆ.

ಸಾಹೇಬರ ಮಗ್ಗಲಿಗಿದ್ದವರು ಪೆನ್ನು ಕುಟ್ಟಿದರು. ಗಡಿಯಾರ ನೋಡಿದರು. “ಇಂಗ್ರಜಿ ಯೇತ್ ನಾಹೀ ವಾಟತಂ,” ಇಂಗ್ಲಿಷ್ ಬರುವುದಿಲ್ಲ ಕಾಣುತ್ತದೆ ಅಂತ ಇನ್ನೊಬ್ಬರಿಗೆ ಹೇಳಿ, ಮುಂದಿನವರ ಹೆಸರು ಕೂಗಿಸಿದರು. ನಾನು ಹೊರಗೆ ಬಂದೆ.

ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಎಸ್‌ಟಿಗೆ ಕಾಯುತ್ತ ನಿಂತಾಗ ಆ ವಾಕ್ಯ ತಾನಾಗಿ ಬಂತು. ವಿ ವಿಲ್ ಸೆಂಡ್ ಯು ನ್ಯೂ ಕ್ಲಾತ್. ನಿನಗೆ ಸಿಗುತ್ತದೆ ಅಲ್ಲ, ನಾವು ಕಳಿಸುತ್ತೇವೆ. ಶಬ್ದ ಬದಲಿಸಿದರೆ ಆಗುತ್ತಿರಲಿಲ್ಲ, ವಾಕ್ಯವನ್ನೇ ನಮ್ಮ ಕಡೆಯಿಂದ ಹಿಡಿಯಬೇಕಾಗಿತ್ತು. ಎಷ್ಟು ಚಂದ ಬಂತು! ಎಷ್ಟು ತಡವಾಗಿ ಬಂತು! ಸ್ಟ್ಯಾಂಡಿನಲ್ಲಿ ಮಂದಿ ನೋಡುತ್ತಿದ್ದರೂ ನಾಚಿಕೆ ಬಿಟ್ಟು ಅತ್ತೆ. ಮಾಸ್ತರರ ಮೇಲೆ ಸಿಟ್ಟು ನೆತ್ತಿಗೇರಿತು. ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ಮಗ್ಗಕ್ಕೆ ಹೋದ. ನಾನು ಕ್ಲಾಸಿಗೆ ಹೋಗುವುದನ್ನು ಬಿಟ್ಟೆ. ಯಾಕೆ ಬರಲಿಲ್ಲ ಅಂತ ಕೇಳಲು ಬಂದ ಮಲ್ಲಪ್ಪನಿಗೆ ನಡೆದದ್ದೆಲ್ಲ ಹೇಳಿ, “ನಿಮ್ಮ ಮಾಸ್ತರ್ಗ ಹೇಳ, ಅವರ ನಿಯಮಾ ನಮ್ಮಪ್ಪನ ಕಿವಿ ತಿಂತು ಅಂತ,” ಅಂದೆ. ಅವನು ಹೋಗಿ ಒಂದು ಅಕ್ಷರವೂ ಬಿಡದೆ ಹೇಳಿದ.

ಗಣಪತಿ ಬಂದು ಹೋದ. ಅದರ ಹಿಂದೆಯೇ ಜೈನರ ಕ್ಷಮಾವಾಣಿ ಬಂತು. ವರ್ಷದಲ್ಲಿ ತಿಳಿದೋ ತಿಳಿಯದೆಯೋ ಯಾರ ಮನಸ್ಸು ನೋಯಿಸಿದ್ದರೂ ಅವರ ಮುಂದೆ ಹೋಗಿ ಕೈ ಮುಗಿದು ಕ್ಷಮೆ ಕೇಳುವ ದಿನ ಅದು. ಅಪ್ಪ ಅವತ್ತು ಮನೆಯಲ್ಲಿದ್ದ. ನಾನು ಅಕ್ಕಿ ಆರಿಸುತ್ತಿದ್ದೆ. ಬಾಗಿಲಲ್ಲಿ ಬಿಳಿ ಟೋಪಿ ಕಂಡಿತು.

ಮಾಸ್ತರರು ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು, ಟೋಪಿ ತೆಗೆದು ಕಂಕುಳಲ್ಲಿಟ್ಟು, ನನ್ನ ಮುಂದೆ ಎರಡೂ ಕೈ ಜೋಡಿಸಿದರು. ಎಪ್ಪತ್ತು ದಾಟಿದ ಮನುಷ್ಯ, ಇಪ್ಪತ್ತೊಂದರ ಹುಡುಗಿಗೆ!

“ಕಸ್ತೂರಿ, ಉತ್ತಮ ಕ್ಷಮಾ. ನಂದ ತಪ್ಪಾತವ್ವಾ.”

ಬೇರೆ ಯಾರಾದರೂ ಆಗಿದ್ದರೆ ಓಡಿ ಹೋಗಿ ಕಾಲಿಗೆ ಬೀಳುತ್ತಿದ್ದರು. ನಾನು ಮೊರ ಕೆಳಗಿಟ್ಟು ಬಾಯಿಗೆ ಬಂದಂತೆ ಅಂದೆ. “ಕೈ ಮುಗದ್ರ ನೌಕರಿ ಬರ್ತೈತೇನ್ರಿ? ನಿಮಗ ನಿಯಮಾ ಆಟಾ. ಉಂಡು ಹೊಟ್ಟಿ ತುಂಬಿದವ್ರು ಹಿಡೀತೀರಿ. ನಮ್ಮಪ್ಪ ನೋಡ್ರಿ ಅಲ್ಲಿ ಕೂತಾನ. ನೀವ ಬಂದದ್ದೂ ಅಂವಗ ಕೇಳಿಲ್ಲ!”

ಅಪ್ಪನಿಗೆ ನಿಜವಾಗಿಯೂ ಕೇಳಿರಲಿಲ್ಲ. ಬೀಡಿ ಸೇದುತ್ತ ಕೂತವನು ನನ್ನ ಬಾಯಿ ಆಡುವುದನ್ನು ನೋಡಿ ತಿರುಗಿದ. ಮಾಸ್ತರರನ್ನು ಕಂಡು ದಡಬಡಿಸಿ ಎದ್ದ. ಮಾಸ್ತರರು ಅವನಿಗೂ ಕೈ ಮುಗಿದರು. ನನ್ನ ಮಾತು ಮುಗಿಯುವವರೆಗೆ ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಮುಗಿದ ಮೇಲೂ ಇನ್ನೇನಾದರೂ ಉಳಿದಿದೆಯೇನೋ ಅಂತ ಸ್ವಲ್ಪ ಹೊತ್ತು ಕಾದರು.

“ಬರೋಬ್ಬರಿ ಅಂದಿ. ನಿಯಮಾ ಅಂದ್ರ ತಾಟಿನ್ಯಾಗ ಇದ್ದದ್ದನ್ನ ಬಿಡೂದು. ನಿನ್ನ ತಾಟಿಗೆ ಇನ್ನಾ ಬಡಿಸೇ ಇರಲಿಲ್ಲ. ಬಡಿಸೂದ್ರಾಗ ಬಿಡಸಿದೆ ನಾ. ಇನ್ನೊಂದ ತಪ್ಪೈತಿ, ಅದು ಇದಕಿಂತಾ ದೊಡ್ಡದು. ನಿಮಗ ಕಾಯೂದ ಕಲಿಸಿದೆ. ಹೊರಗಿನ ಮಂದಿ ಕಾಯೂದಿಲ್ಲ ಅನ್ನೂದನ್ನ ಕಲಿಸಲಿಲ್ಲ.”

ನನಗೆ ಅಳು ಬಂತು, ಸಿಟ್ಟೂ ಇತ್ತು. ಎರಡರ ನಡುವೆ, ಯಾಕೆ ಹೇಳಿದೆನೋ ಗೊತ್ತಿಲ್ಲ, “ಉತ್ತರಾ ನನಗ ಆಮ್ಯಾಲ ಬಂತ್ರಿ. ಸ್ಟ್ಯಾಂಡಿನ್ಯಾಗ,” ಅಂದೆ.

“ಏನ್ ಬಂತು?”

“ವಿ ವಿಲ್ ಸೆಂಡ್ ಯು ನ್ಯೂ ಕ್ಲಾತ್.”

ಮಾಸ್ತರರು ಹೊಸ್ತಿಲ ಮೇಲೆ ಕೂತುಬಿಟ್ಟರು. ಮುಖ ಅರಳಿದ್ದು ನೋಡಬೇಕಿತ್ತು. ಆ ವಾಕ್ಯವನ್ನು ಎರಡು ಸಲ ತಾವೂ ಹೇಳಿ ನೋಡಿದರು. “ಏ ಹುಡಗಿ, ಯಾಪಾರಿ ಮಾತಿದು! ಹೊಣಿ ತಗೊಂಡ ಮಾತ. ನಡಿ, ನಾಳಿಗೆ ಹೋಗಿ ಅವರಿಗೆ ಹೇಳೂಣು.”

“ಅವ್ರು ಕೇಳಂಗಿಲ್ಲರಿ. ಮುಗದಹೋದ ಇಂಟರ್‌ವ್ಯೂ ಅದು.”

“ಅವರ ಪ್ರಶ್ನೆ ನಿನ್ನ ಹಂತ್ಯಾಕ ಉಳದೈತಿ. ಉತ್ತರಾ ಕೊಟ್ಟ ಬರೂಣು. ಆಮ್ಯಾಲ ಅವರು ಏನರ ಮಾಡ್ಲಿ.” ಆಮೇಲೆ ನನ್ನ ಕಡೆ ಬೆರಳು ತೋರಿಸಿ, “ನಾಳೆ ಒಳಗ ಹೋದಾಗ ನಿಯಮಾ ಗಿಯಮಾ ಇಲ್ಲ. ಗೆಟ್ ಬಂದ್ರ ಗೆಟ್ ಅನ್ನು. ತಿಳೀತ?” ಅಂದರು. ಅಂದು ನಾಲಿಗೆ ಕಚ್ಚಿಕೊಂಡರು. ನಾಲ್ಕು ತಿಂಗಳಲ್ಲಿ ಅವರ ನಿಯಮ ಮುರಿದದ್ದು ಅದೊಂದೇ ಸಲ, ಅದೂ ನನ್ನ ಸಲುವಾಗಿ. ಎದ್ದು ನಿಂತು, ಕ್ಲಾಸಿನಲ್ಲಿ ನಾವು ಹೇಳುತ್ತಿದ್ದಂತೆ, ನನಗೂ ನಮ್ಮಪ್ಪನಿಗೂ “ಅಂದೆರಿ” ಅಂತ ಹೇಳಿ ಮತ್ತೆ ಕೂತರು.

ಮರುದಿನ ಮಧ್ಯಾಹ್ನ ಇಬ್ಬರೂ ಆ ಆಫೀಸಿನ ಹೊರಗಿನ ಬೆಂಚಿನ ಮೇಲೆ ಕೂತೆವು. ಪ್ಯೂನ್ ನಮ್ಮನ್ನು ನೋಡಿ ನಕ್ಕ. ಸಾಹೇಬರಿಗೆ ಮೀಟಿಂಗ್ ಅಂದ. ಕಾದೆವು. ಬಿಸಿಲು ಗೋಡೆ ಹತ್ತಿತು. ಮಾಸ್ತರರ ಊಟದ ಹೊತ್ತಾಯಿತು. ಡಬ್ಬಿ ಬಿಚ್ಚಿರಿ ಸರ್ ಅಂದೆ. “ತಡಿ, ಬಾಯಾಗ ತುತ್ತ ಇದ್ದಾಗ ಕರದ್ರ ಚಲೋ ಕಾಣಂಗಿಲ್ಲ,” ಅಂದರು. ಹೊತ್ತು ಇನ್ನೇನು ಮುಳುಗಬೇಕು, ಆಗ ಒಳಗಿನಿಂದ ಕರೆ ಬಂತು. ನನ್ನೊಬ್ಬಳಿಗೆ. ಅವರು ಬಾಗಿಲ ಹೊರಗೆ ನಿಂತರು.

ಒಳಗೆ ಸಾಹೇಬರೊಬ್ಬರೇ ಇದ್ದರು. ಅವತ್ತು ನೀವು ಕೇಳಿದ ಪ್ರಶ್ನೆಗೆ ಉತ್ತರ ತಂದಿದ್ದೇನೆ ಅಂತ ಇಂಗ್ಲಿಷಿನಲ್ಲೇ ಹೇಳಿ, ವಾಕ್ಯ ಹೇಳಿದೆ. ಅವತ್ತೇ ಯಾಕೆ ಹೇಳಲಿಲ್ಲ ಅಂತ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿದೆ, ಚಾತುರ್ಮಾಸ, ನಿಯಮ, ಗೆಟ್‌ಗೆ ಸೂಟಿ, ಎಲ್ಲ. ಸಾಹೇಬರು ಚಷ್ಮಾ ತೆಗೆದು ಕಣ್ಣು ಒರೆಸಿಕೊಳ್ಳುವಷ್ಟು ನಕ್ಕರು. ನಕ್ಕಾದ ಮೇಲೆ ನೆಟ್ಟಗೆ ಕೂತು, ಗಿರಾಕಿ ಹಿಂಗಂದರೆ ಏನು, ಹಂಗಂದರೆ ಏನು ಅಂತ ಕೇಳುತ್ತ ಹೋದರು. ನಾನು ಹೇಳುತ್ತ ಹೋದೆ. ಆ ಜಾಗಕ್ಕೆ ಅವರಿಗೆ ಮನಸ್ಸಿಗೆ ಬಂದವರು ಇನ್ನೂ ಸಿಕ್ಕಿರಲಿಲ್ಲ, ಅದು ನನ್ನ ಪುಣ್ಯ. ಸೋಮವಾರದಿಂದ ಬಾ ಅಂದರು.

ಹೊರಗೆ ಬಂದಾಗ ಕತ್ತಲು ಕವಿದಿತ್ತು. ಮಾಸ್ತರರು ಬಾಗಿಲ ಮಗ್ಗಲಿಗೆ, ಕೈ ಬೆನ್ನ ಹಿಂದೆ ಕಟ್ಟಿ, ಮೇಲೆ ನೋಡುತ್ತ ನಿಂತಿದ್ದರು. ಡಬ್ಬಿ ಬೆಂಚಿನ ಮೇಲೆ ಹಾಗೇ ಇತ್ತು. ಹೊತ್ತು ಮುಳುಗಿದ್ದರಿಂದ ಅವರಿಗೆ ನಾಳೆ ಬೆಳಗಿನ ತನಕ ಅನ್ನ ನೀರು ಎರಡೂ ಇಲ್ಲ. ಶುಗರ್ ಇರುವ ಮನುಷ್ಯ. ನಾನು ಹೌಹಾರಿದೆ. “ನನಗ ಏನೂ ಆಗಂಗಿಲ್ಲ ಬಿಡು,” ಅಂದು, ಎಸ್‌ಟಿಯಲ್ಲಿ ಡಬ್ಬಿ ನನ್ನ ತೊಡೆಯ ಮೇಲಿಟ್ಟರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಬೆಳ್ಳುಳ್ಳಿ ಇಲ್ಲದ ಶೇಂಗಾ ಚಟ್ನಿ. ಅವರ ಉಪವಾಸದ ಮುಂದೆ ಕೂತು ನಾನು ಒಂದು ಚೂರೂ ಬಿಡದೆ ತಿಂದೆ. ಅಷ್ಟು ಹಸಿವಾಗಿತ್ತು.

ಆ ತಿಂಗಳು ಮುಗಿಯುವುದರೊಳಗೆ ಅಪ್ಪ ಮಗ್ಗ ಬಿಟ್ಟ. ನಾನು ಆ ಕಂಪನಿಯಲ್ಲಿ ಮೇಲೆ ಮೇಲೆ ಹೋದೆ. ಈಗ ಹೊಸಬರನ್ನು ತೆಗೆದುಕೊಳ್ಳುವಾಗ ಮೇಜಿನ ಆ ಕಡೆ ಕೂರುವವರಲ್ಲಿ ನಾನೂ ಒಬ್ಬಳು. ಹಳ್ಳಿಯ ಹುಡುಗಿಯೊಬ್ಬಳು ಅರ್ಧ ವಾಕ್ಯಕ್ಕೆ ನಿಂತಾಗ ಮಗ್ಗಲಿಗಿದ್ದವರು ಪೆನ್ನು ಕುಟ್ಟಲು ಶುರು ಮಾಡಿದರೆ, ಅವರ ಪೆನ್ನು ಇಸಿದುಕೊಂಡು ಮೇಜಿನ ಮೇಲೆ ಇಡುತ್ತೇನೆ. ಬರ್ತೈತಿ, ತಡೀರಿ ಅನ್ನುತ್ತೇನೆ. ನನಗೆ ತಲೆ ತಿರುಗಿದೆ ಅಂತ ಅವರು ಹಿಂದೆ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ.

ಕಡೆಯ ಸಲ ಮಾಸ್ತರರನ್ನು ಕಂಡದ್ದು ಉದಗಾಂವದ ಅವರ ಮನೆಯಲ್ಲಿ. ಲಕ್ವಾ ಹೊಡೆದಿದೆ ಅಂತ ಮಲ್ಲಪ್ಪ ಫೋನ್ ಮಾಡಿದ್ದ. ಓಡಿ ಹೋದೆ. ಬಲಗೈ ಬಿದ್ದುಹೋಗಿತ್ತು. ಮಾತು ಪೂರ್ತಿ ಹೋಗಿರಲಿಲ್ಲ, ಶಬ್ದ ಸಿಗುತ್ತಿರಲಿಲ್ಲ. ಸೊಸೆ ಭಾಳ ಒಳ್ಳೆಯ ಹೆಣ್ಣುಮಗಳು, ಹಗಲು ರಾತ್ರಿ ಮಾವನ ಸೇವೆ ಮಾಡುತ್ತಿದ್ದಳು. ಮೊದಮೊದಲು ಮಾಸ್ತರರು ‘ನೀ...’ ಅನ್ನುವುದರೊಳಗೆ “ನೀರ ಬೇಕೇನ್ರಿ? ಮಗ್ಗಲಾ ಬದಲಿಸ್ಲೇನ್ರಿ? ಫ್ಯಾನ್ ಹಚ್ಚಲೇನ್ರಿ?” ಅಂತ ಪ್ರೀತಿಯಿಂದ ಸುರಿದುಬಿಡುತ್ತಿದ್ದಳಂತೆ. ಈಗ ಮಾಸ್ತರರು ಗೋಡೆಯ ಕಡೆ ಮುಖ ಮಾಡಿದ್ದರು. “ಎಂಟ ದಿವಸಾತು, ಬಾಯಿ ಬಿಟ್ಟಿಲ್ಲರಿ. ಮಾತಾಡಸ್ರಿ, ಮಾತಾಡಸ್ರಿ ಅಂತ ಡಾಕ್ಟರ್ ಹೇಳ್ತಾರ. ಇವರು ಹಟಾ ಹಿಡದಾರ,” ಅಂತ ಆಕೆ ಕಣ್ಣೀರು ಹಾಕಿದಳು.

ನನಗೆ ತಿಳಿಯಿತು. ಕುರ್ಚಿ ಎಳೆದು ಅವರ ಮುಖದ ಕಡೆ ಹೋಗಿ ಕೂತೆ. ಮಾತಾಡಿಸಲಿಲ್ಲ. ಎರಡೂ ಕೈ ಮಡಿಲಲ್ಲಿಟ್ಟು ಮೇಲಿನ ತೊಲೆ ನೋಡುತ್ತ ಕೂತೆ. ಹೊರಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಹಾಡು ಹಾಕಿಕೊಂಡು ಹೋಯಿತು. ಇನ್ನೊಂದು ಹೋಯಿತು. ಮಾಸ್ತರರು ಕಣ್ಣು ಹೊರಳಿಸಿ ನನ್ನನ್ನು ನೋಡಿದರು. ತುಟಿ ಅಲುಗಿತು.

“ನಿ... ನಿನ್ನ...”

ಸೊಸೆ ಬಾಯಿ ತೆರೆದಳು. ನಾನು ಆಕೆಯ ಕೈ ಹಿಡಿದೆ. “ವೈನಿ, ಸುಮ್ಮಕಿರ್ರಿ. ಹುಡಕಾಕತ್ತಾರ. ಬರ್ತೈತಿ.”

ಆ ಮಾತು ಕೇಳಿ ಮಾಸ್ತರರ ಕಣ್ಣಿನಲ್ಲಿ ನಗು ಬಂತು. ನಾನು ಕಂಡೆ, ನನ್ನಾಣೆ ಕಂಡೆ. ಆಮೇಲೆ ಹುಡುಕಿದರು, ಭಾಳ ಹೊತ್ತು. ಅಪ್ಪ ಅನ್ನುವ ಶಬ್ದ ಅವರಿಗೆ ಸಿಗಲೇ ಇಲ್ಲ. ಅದನ್ನು ಬಿಟ್ಟು ಬೇರೆ ದಾರಿ ಹಿಡಿದರು.

“ಮಗ್ಗ... ಮಗ್ಗದಾಂವ... ಕೇಳತಾನ?”

ಅಷ್ಟು ಕಷ್ಟಪಟ್ಟು ಕೇಳಿದ್ದು ನಮ್ಮಪ್ಪನ ಕಿವಿಯ ಬಗ್ಗೆ! ಫೋನ್ ತೆಗೆದು ಅಪ್ಪನಿಗೆ ಹಚ್ಚಿದೆ. ಅಪ್ಪ ಈಗ ಬಲಗಿವಿಗೆ ಮಷೀನ್ ಹಾಕಿಕೊಂಡು ಫೋನಿನಲ್ಲಿ ಊರ ಮಂದಿಯ ಜೊತೆಯೆಲ್ಲ ಹರಟುತ್ತಾನೆ. “ಅಪ್ಪಾ, ಮಾಸ್ತರ್ರು ಮಾತಾಡ್ತಾರ,” ಅಂತ ಹೇಳಿ ಸ್ಪೀಕರ್ ಹಾಕಿ ಅವರ ಬಾಯಿಯ ಹತ್ತಿರ ಹಿಡಿದೆ.

ಮಾಸ್ತರರಿಗೆ ಶಬ್ದ ಬರಲಿಲ್ಲ. ಫೋನಿನಲ್ಲಿ ಬರೀ ಉಸಿರು. ಬೇರೆ ಯಾರಾದರೂ ಆಗಿದ್ದರೆ ಹಲೋ ಹಲೋ ಅಂದು ಇಟ್ಟುಬಿಡುತ್ತಿದ್ದರು. ಅಪ್ಪ ಇಡಲಿಲ್ಲ. ಅರ್ಧ ಕಿವಿಯಲ್ಲಿ ಬಾಳಿದವನು, ಎದುರಿನವರ ಮಾತು ತನ್ನವರೆಗೆ ಬಂದು ಮುಟ್ಟಲು ಹೊತ್ತು ಬೇಕು ಅನ್ನುವುದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಸುಮ್ಮನೆ ಹಿಡಿದುಕೊಂಡಿದ್ದ. ಸೊಸೆಯೂ ಸುಮ್ಮನಿದ್ದಳು. ಕಿಟಕಿಯ ಬಿಸಿಲು ಹಾಸಿಗೆಯಿಂದ ಗೋಡೆಗೆ ಹೋಯಿತು.

“ಉಂ... ಉಂಡ್ಯಾ?” ಅಂದರು ಮಾಸ್ತರರು.

“ಉಂಡೇನ್ರಿ ಮಾಸ್ತರ್ರ!” ಅಪ್ಪನ ದನಿ ಖೋಲಿಯಲ್ಲಿ ಗಣಗಣಿಸಿತು. ಮಗ್ಗದ ಮಂದಿಯ ದನಿ, ಇವತ್ತಿಗೂ ಸಣ್ಣದಾಗಿಲ್ಲ. “ಕೇಳ್ತೈತ್ರಿ, ಸ್ವಚ್ಛ ಕೇಳ್ತೈತಿ. ನಿಮ್ದು ಊಟಾ ಆತೇನ್ರಿ?”

ಮಾಸ್ತರರು ತಲೆ ತಿರುಗಿಸಿ, ಹೊತ್ತು ಮುಳುಗಿದೆಯೇ ಅಂತ ಕಿಟಕಿ ನೋಡಿದರು. ಆಮೇಲೆ ನನ್ನನ್ನು, ಬಾಗಿಲಲ್ಲಿ ನಿಂತ ಸೊಸೆಯನ್ನು ನೋಡಿದರು. ಈ ಸಲ ಹುಡುಕಲಿಲ್ಲ.

“ಇನ್ನಾ ಹೊತ್ತೈತಿ,” ಅಂದರು.

ಸೊಸೆ ಕಣ್ಣು ಒರೆಸಿಕೊಳ್ಳುತ್ತ ಅಡಿಗೆಮನೆಗೆ ಹೋಗಿ ಎರಡು ತಾಟು ಬಡಿಸಿಕೊಂಡು ಬಂದಳು. ನಾನು ಅವರಿಗೆ ಉಣಿಸಿದೆ, ನಾನೂ ಉಂಡೆ.